ಹಾಲಿನ ಲಾರಿಯ ಉಸಿರು ಕಾಯುವ ಸೇವಂತಿ

ಸೇವಂತಿಯವರು ಇಂಜಿನ್ನಿಗೆ ಎಣ್ಣೆ ತುಂಬುವ ಬಾಯಿಯ ಮುಚ್ಚಳವನ್ನು ತಿರುಗಿಸಿ ತೆಗೆಯುತ್ತಾರೆ. ಅದನ್ನು ಮಗುಚಿ ಅದೇ ಬಾಯಿಯ ಮೇಲೆ ಸುಮ್ಮನೆ ಇಡುತ್ತಾರೆ. ಇಂಜಿನ್ ಗುರುಗುಡುತ್ತಲೇ ಇದೆ. ಮುಚ್ಚಳ ಸಣ್ಣಗೆ ನಡುಗುತ್ತದೆ, ಆದರೆ ಕೂತಲ್ಲಿಂದ ಏಳುವುದಿಲ್ಲ. ದೋಸೆ ಕಾವಲಿಯ ಮುಂದೆ ನಿಂತವರ ಹಾಗೆ ಅವರು ಬಗ್ಗಿ, ಟಾರ್ಚ್ ಹಿಡಿದು, ಅದನ್ನೇ ನೋಡುತ್ತ ನಿಲ್ಲುತ್ತಾರೆ.

"ನಡುಗಬಹುದು ಮಾರಾಯ್ರೆ, ಕುಣೀಬಾರದು," ಎನ್ನುತ್ತಾರೆ. "ಕುಣಿದ್ರೆ ಹೊಟ್ಟೆಯೊಳಗೆ ಗಾಳಿ ಜಾಸ್ತಿ ಉಂಟು ಅಂತ ಅರ್ಥ. ಇದು ನೋಡಿ, ಎಷ್ಟು ಚಂದ ಕೂತಿದೆ."

ಇದು ಹಡರ್ಸ್‌ಫೀಲ್ಡ್ ಊರಿನ ಅಂಚು. ಕಾಲುವೆಯ ಪಕ್ಕದ ಹಳೆಯ ಉಣ್ಣೆ ಗಿರಣಿಯ ಅಂಗಳದಲ್ಲಿ ಒಂದು ಲಾರಿ ಶೆಡ್. 2018ರ ಮಾರ್ಚ್ ತಿಂಗಳ ಮೊದಲ ದಿನ, ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಪೂರ್ವದಿಂದ ಬೀಸಿದ ಶೀತಗಾಳಿ ಇಡೀ ದೇಶವನ್ನು ಮನೆಯೊಳಗೆ ಕೂಡಿಹಾಕಿದೆ. ಶಾಲೆಗಳಿಗೆ ರಜೆ. ರೈಲುಗಳು ನಿಂತಿವೆ, ಬರ್ಮಿಂಗ್‌ಹ್ಯಾಮ್‌ನ ಹಾರ್ಬೋರ್ನ್‌ನಲ್ಲಿರುವ ನನ್ನ ತಂಗಿ ಉಷಾಳ ಮನೆಗೆ ನಾನು ವಾಪಸಾಗಬೇಕಿದ್ದ ರೈಲೂ ಸೇರಿ. ಎರಡು ಜೊತೆ ಕಾಲುಚೀಲದ ಮೇಲೆ ಸೇವಂತಿಯವರ ಮಗಳ ಬೂಟು ತೊಟ್ಟು ನಿಂತರೂ ನನ್ನ ಹಲ್ಲು ಕಟಕಟ ಎನ್ನುತ್ತಿವೆ. ಅವರು ಮಾತ್ರ ಕೈಗವಸು ಬಿಚ್ಚಿಟ್ಟು ಬರಿಗೈಯಲ್ಲಿ ಇಂಜಿನ್ ತಡವುತ್ತಿದ್ದಾರೆ. ಕೈಗವಸು ಹಾಕಿದರೆ ಬಿಸಿ ಎಲ್ಲಿದೆ, ಜಿಡ್ಡು ಎಲ್ಲಿದೆ ಎಂದು ಬೆರಳಿಗೆ ತಿಳಿಯುವುದಿಲ್ಲವಂತೆ.

ಮುಂದೆ ನಿಂತಿರುವುದು ಹಾಲಿನ ಲಾರಿ. ಬೆನ್ನ ಮೇಲೆ ಉಕ್ಕಿನ ಟ್ಯಾಂಕು ಹೊತ್ತ, ಗಿಡ್ಡ ಮೈಯ, ಮುದಿ ಡೀಸೆಲ್ ಗಾಡಿ. "ತೊಂಬತ್ತಾರರ ಮಾಡೆಲ್. ನನ್ನ ಮಗಳಿಗಿಂತ ಒಂದು ವರ್ಷ ದೊಡ್ಡದು," ಎಂದು ಸೇವಂತಿ ಪರಿಚಯ ಮಾಡಿಕೊಡುತ್ತಾರೆ. ಊರಿನ ಪಶ್ಚಿಮಕ್ಕೆ ಪೆನೈನ್ ಗುಡ್ಡಗಳು. ಅವುಗಳ ಮೇಲೆ ಕಲ್ಲುಗೋಡೆಗಳ ನಡುವೆ, ಎದುರಿಗೊಂದು ಕುರಿ ಬಂದರೂ ನಿಲ್ಲಬೇಕಾದಷ್ಟು ಕಿರಿದಾದ ದಾರಿಗಳಲ್ಲಿ, ನಾಲ್ಕು ಸಣ್ಣ ಹೈನು ಮನೆಗಳಿವೆ. ಡೈರಿ ಕಂಪನಿಯ ಹೊಸ ಉದ್ದನೆಯ ಟ್ಯಾಂಕರುಗಳು ಆ ತಿರುವುಗಳಲ್ಲಿ ತಿರುಗಲಾರವು. ಈ ಗಿಡ್ಡ ಲಾರಿ ಹತ್ತಿದರೆ ಹಾಲು ಇಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಕಂಪನಿಯ ಮ್ಯಾನೇಜರ್ ಲಾರಿ ಶೆಡ್ಡಿನ ಮಾಲೀಕ ಡೊನಾಲ್ಡ್‌ಗೆ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಾನೆ. ಈ ಚಳಿಗಾಲದಲ್ಲಿ ಒಂದೇ ಒಂದು ಸಲ ಲಾರಿ ಕೈಕೊಟ್ಟರೂ ಗುಡ್ಡದ ಮನೆಗಳ ಹಾಲು ಏಪ್ರಿಲ್‌ನಿಂದ ಬೇಡ. ಹಾಲು ಕೊಳ್ಳುವವರಿಲ್ಲದೆ ಹಸು ಸಾಕುವುದು ಹೇಗೆ? ಆ ನಾಲ್ಕು ಮನೆಗಳವರು ಹಸುಗಳನ್ನು ಮಾರಬೇಕು, ಅಷ್ಟೆ. ಅವರ ಹಾಲಿನ ಟ್ಯಾಂಕುಗಳು ನಿನ್ನೆಗೇ ತುಂಬಿವೆ. ಇವತ್ತು ಲಾರಿ ಹೋಗಲೇಬೇಕು. ಟ್ರ್ಯಾಕ್ಟರಿನಿಂದ ಹಿಮ ಸರಿಸಿ ದಾರಿಯೇನೋ ಬಿಡಿಸಿದ್ದಾರೆ. ಇನ್ನುಳಿದದ್ದು ಇಂಜಿನ್ನಿನ ಕೆಲಸ, ಅಂದರೆ ಸೇವಂತಿಯವರ ಕೆಲಸ.

ಈ ಹೆಂಗಸು ನನಗೆ ಸಿಕ್ಕಿದ್ದು ಸಂಕ್ರಾಂತಿಯ ಊಟದಲ್ಲಿ. ಹಾರ್ಬೋರ್ನ್‌ನ ಒಂದು ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಅರ್ಧಕ್ಕರ್ಧ ಡಾಕ್ಟರುಗಳು, ಹಾಗಾಗಿ ಆಸ್ಪತ್ರೆಯ ಡ್ಯೂಟಿ ಪಾಳಿ, ಆನ್‌ಕಾಲ್ ಮಾತೇ ಮಾತು. ಎಳ್ಳುಬೆಲ್ಲ ಕೊಡುತ್ತಿದ್ದ ಒಬ್ಬರು ಈಕೆಯನ್ನು ಏನು ಕೆಲಸ ಎಂದು ಕೇಳಿದರು. ಲಾರಿ ರಿಪೇರಿ ಎಂದರು ಈಕೆ. "ಓ, ನಿಮ್ಮ ಯಜಮಾನರದ್ದಾ?" ಎಂದು ಮರುಪ್ರಶ್ನೆ. "ಅಲ್ಲಲ್ಲ, ಲಾರಿ ನಂದು. ಅವರು ಅಡುಗೆ ಮಾಡುದು," ಎಂದರು ಸೇವಂತಿ, ಪಕ್ಕದಲ್ಲೇ ಇದ್ದ ಗಂಡ ಚೆನ್ನಯ್ಯನವರನ್ನು ತೋರಿಸಿ. ಲೀಡ್ಸ್‌ನ ಹೋಟೆಲೊಂದರಲ್ಲಿ ಅಡುಗೆಯವರಾಗಿರುವ ಚೆನ್ನಯ್ಯ ನಾಚಿಕೆಯಿಲ್ಲದೆ ನಕ್ಕು, ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ನಾನು ಅಲ್ಲೇ ಫೋನ್ ನಂಬರ್ ಇಸಿದುಕೊಂಡೆ. ಲಾರಿಯ ಬಗ್ಗೆ ನನಗಿದ್ದ ಜ್ಞಾನವೋ, ಅದರ ಬೆನ್ನ ಮೇಲೆ ಬರೆದ ಸಾಲುಗಳನ್ನು ಓದಿ ನಗುವಷ್ಟು ಮಾತ್ರ.

ಡ್ರೈವರ್ ಡೆರೆಕ್ ಬರುತ್ತಾನೆ. ನಿವೃತ್ತಿಗೆ ಹತ್ತಿರವಾದ, ಕೆಂಪು ಮೂಗಿನ ಮನುಷ್ಯ. "ಎಲ್ಲ ಸರಿಯಾ, ಲವ್?" ಎಂದು ಕೇಳುತ್ತಾನೆ. ಗಾಬರಿಯಾಗಬೇಡಿ, ಯಾರ್ಕ್‌ಶೈರಿನಲ್ಲಿ ಲವ್ ಎಂದರೆ ನಮ್ಮ ತರಕಾರಿಯವನು "ಬನ್ನಿ ಅಮ್ಮಾ" ಎಂದ ಹಾಗೆ. ಸೇವಂತಿ ಹೆಬ್ಬೆರಳು ಎತ್ತುತ್ತಾರೆ. ಮುಚ್ಚಳ ತಿರುಗಿ ಕೂರುತ್ತದೆ, ಲಾರಿ ಅಂಗಳ ದಾಟುತ್ತದೆ. ಅದರ ಸದ್ದು ಗುಡ್ಡದ ಕಡೆ ಕರಗುವವರೆಗೂ ಅವರು ಬಾಗಿಲಲ್ಲೇ ನಿಂತಿರುತ್ತಾರೆ.

ಆಮೇಲೆ ಕಾಯುವ ಕೆಲಸ. ಕಾಯುತ್ತಲೇ ಅವರು ಇನ್ನೊಂದು ಲಾರಿಯ ಕೆಳಗೆ ತೂರುತ್ತಾರೆ, ನಾನು ಹೀಟರಿನ ಪಕ್ಕ ಡಬ್ಬದ ಮೇಲೆ ಕೂತು ಪ್ರಶ್ನೆ ಕೇಳುತ್ತೇನೆ. ಲಾರಿಯ ಕೆಳಗಿನಿಂದ ಉತ್ತರ ಬರುತ್ತದೆ.

ಹುಟ್ಟಿದ್ದು ಮಲ್ಪೆಯಲ್ಲಿ. ಅಪ್ಪ ಬಂದರಿನ ಪಕ್ಕ ಬೋಟ್ ಇಂಜಿನ್ ರಿಪೇರಿ ಮಾಡುತ್ತಿದ್ದರು. ಮೀನಿನ ಬೋಟುಗಳಲ್ಲಿ ಇರುವುದೂ ಹೆಚ್ಚಾಗಿ ಲಾರಿಯ ಇಂಜಿನ್ನೇ, ನೆಲದ ಮೇಲೆ ಓಡಿ ಸಾಕಾದದ್ದು ನೀರಿಗಿಳಿಯುತ್ತದೆ. ಹಿರಿಮಗಳು ಸೇವಂತಿ ಸ್ಪ್ಯಾನರ್ ಕೊಡುತ್ತ ಕೊಡುತ್ತ ಸ್ಪ್ಯಾನರ್ ಹಿಡಿಯುವುದನ್ನೂ ಕಲಿತರು. "ಅಪ್ಪ ಕಲಿಸ್ಲಿಲ್ಲ, ಬೈದದ್ದು ಮಾತ್ರ. ಬೈದದ್ದರಲ್ಲೇ ಎಲ್ಲ ಇತ್ತು," ಎಂದು ನಗುತ್ತಾರೆ. ಮದುವೆಯಾಗಿ, ಮಗಳು ಯಶ್ಮಿತಾ ಮೂರು ವರ್ಷದವಳಿದ್ದಾಗ ಗಂಡನ ಹಿಂದೆ ಇಲ್ಲಿಗೆ ಬಂದರು. ಮೊದಲು ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್. ಜೊತೆಗೆ ಸಂಜೆಯ ಕಾಲೇಜು ಸೇರಿ ಹೆವಿ ವೆಹಿಕಲ್ ಕೋರ್ಸ್. ತರಗತಿಯಲ್ಲಿ ಒಬ್ಬರೇ ಹೆಂಗಸು, ಅದರಲ್ಲೂ ಸೀರೆ ಉಟ್ಟು ಹೋದ ಮೊದಲ ದಿನ ಮೇಷ್ಟರು ಅವರಿಗೆ ಕ್ಯಾಂಟೀನಿನ ದಾರಿ ತೋರಿಸಿದ್ದರಂತೆ. ಸರ್ಟಿಫಿಕೇಟ್ ಕೈಗೆ ಬಂದ ಮೇಲೂ ಕೆಲಸ ಕೊಡುವವರಿರಲಿಲ್ಲ. ಊರಿನ ಎಲ್ಲ ಗ್ಯಾರೇಜುಗಳ ಬಾಗಿಲು ತಟ್ಟಿ ಸೋತು, ಕಡೆಗೆ ಬಂದದ್ದು ಈ ಡೊನಾಲ್ಡ್‌ನ ಶೆಡ್ಡಿಗೆ. ಅವನ ಲಾರಿಗಳು ಎಷ್ಟು ಹಳೆಯವೆಂದರೆ, ಹೊಸ ಹುಡುಗರು ಅವನ್ನು ಮುಟ್ಟಲು ಒಪ್ಪುತ್ತಿರಲಿಲ್ಲ.

"ಹಳೆ ಇಂಜಿನ್ ಅಂದ್ರೆ ಎಂತ ಹೇಳಿ? ಅದೂ ನಮ್ಮ ಹಾಗೆ. ವಯಸ್ಸಾಗ್ತಾ ಗ್ಯಾಸು," ಎನ್ನುತ್ತಾರೆ ಸೇವಂತಿ, ಲಾರಿಯ ಕೆಳಗಿನಿಂದ ಜಾರಿ ಹೊರಬಂದು. ನಾನು ನಕ್ಕಿದ್ದನ್ನು ನೋಡಿ, "ತಮಾಷೆ ಅಲ್ಲ," ಎಂದು ವಿವರಿಸುತ್ತಾರೆ. ಡೀಸೆಲ್ ಉರಿಯುವಾಗ ಒಂದಿಷ್ಟು ಹೊಗೆ ಪಿಸ್ಟನ್‌ನ ಸಂದಿಯಲ್ಲಿ ನುಸುಳಿ ಕೆಳಗೆ, ಎಣ್ಣೆ ತುಂಬಿರುವ ಇಂಜಿನ್ನಿನ ಹೊಟ್ಟೆಗೆ ಇಳಿಯುತ್ತದೆ. ಇಂಜಿನ್ ಸವೆದಷ್ಟೂ ನುಸುಳುವುದು ಹೆಚ್ಚು. ಅದು ಹೊರಗೆ ಹೋಗಲು ಒಂದು ಉಸಿರುಕೊಳವೆ ಇರುತ್ತದೆ, ಬ್ರೀದರ್ ಎನ್ನುತ್ತಾರೆ. ಕೊಳವೆ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಒತ್ತಡ ಏರಿದರೆ ಎಣ್ಣೆ ತನ್ನನ್ನು ತಡೆದಿಟ್ಟಿರುವ ಸೀಲನ್ನು ಒಡೆದು ಹೊರಗೆ ನುಗ್ಗುತ್ತದೆ.

ಇನ್ನು ಹೊಗೆಯ ಜೊತೆ ಬರುವ ಮಸಿ ಎಣ್ಣೆಗೆ ಸೇರಿ ಅದನ್ನು ಉಜ್ಜುಕಾಗದ ಮಾಡಿಬಿಡುತ್ತದೆ. ಲಾರಿಗೆ ಕಂಪನಿಯವರು ಕೊಟ್ಟ ಫಿಲ್ಟರ್ ಇರುತ್ತದೆ ನಿಜ, ಆದರೆ ಎಲ್ಲ ಎಣ್ಣೆಯೂ ಅದರಲ್ಲಿ ಅವಸರವಾಗಿ ಹಾಯಬೇಕಾದ್ದರಿಂದ ಅದರ ಕಣ್ಣು ದೊಡ್ಡದು. ಸೇವಂತಿ ಅದರ ಪಕ್ಕದಲ್ಲೇ ಇನ್ನೊಂದು ಫಿಲ್ಟರ್ ಕೂರಿಸುತ್ತಾರೆ. ಬೈಪಾಸ್ ಎಂದು ಅದರ ಹೆಸರು. ಸ್ವಲ್ಪವೇ ಎಣ್ಣೆಯನ್ನು ಬೇರೆ ದಾರಿಯಲ್ಲಿ ಎಳೆದು, ನಿಧಾನವಾಗಿ, ತೀರಾ ನುಣ್ಣಗೆ ಸೋಸಿ, ಮತ್ತೆ ಹೊಟ್ಟೆಗೆ ಬಿಡುತ್ತದೆ. "ತೆಂಗಿನಹಾಲು ಮೊದಲು ಜಾಲರಿಯಲ್ಲಿ ಸೋಸ್ತೇವೆ ಅಲ್ವಾ? ಮತ್ತೆ ಬಟ್ಟೆಯಲ್ಲಿ ಹಿಂಡ್ತೇವೆ. ಅದೇ ಇದು. ಅವಸರ ಮಾಡಿದ್ರೆ ಬಟ್ಟೆ ಕೆಲಸ ಮಾಡುದಿಲ್ಲ." ಬ್ರೀದರಿನ ದಾರಿಯಲ್ಲಿ ಅವರು ಕೂರಿಸಿರುವ ಒಂದು ಡಬ್ಬಿಯ ಮುಚ್ಚಳ ತೆಗೆದು ತೋರಿಸುತ್ತಾರೆ. ಒಳಗೆ ನನಗೆ ಚಿರಪರಿಚಿತವಾದ ವಸ್ತು: ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್. ಹೊಗೆಯಲ್ಲಿ ಹಾರಿ ಬರುವ ಎಣ್ಣೆಯ ಹನಿ ಅದಕ್ಕೆ ಅಂಟಿ ವಾಪಸು ಇಳಿಯುತ್ತದಂತೆ. ಮನೆಯಲ್ಲಿ ಸ್ಕ್ರಬ್ಬರ್ ಕಾಣೆಯಾದಾಗಲೆಲ್ಲ ಚೆನ್ನಯ್ಯನವರು ಲಾರಿಗಳನ್ನು ಬೈಯುತ್ತಾರೆ.

ಹೊತ್ತು ಏರುತ್ತದೆ. ಡೆರೆಕ್ ಬರುವ ಹೊತ್ತೂ ದಾಟುತ್ತದೆ. ಗುಡ್ಡದ ಮೇಲೆ ಮೊಬೈಲ್ ಸಿಗುವುದಿಲ್ಲ. ಕಚೇರಿಯ ಫೋನ್ ರಿಂಗಾಗುತ್ತದೆ. ಡೊನಾಲ್ಡ್ ಮಾತಾಡಿ ಬಂದು, ಅದು ಮಿಸೆಸ್ ಹೆಲಿವೆಲ್ ಎನ್ನುತ್ತಾನೆ. ನಾಲ್ಕು ಮನೆಗಳಲ್ಲಿ ತೀರಾ ಮೇಲಿನದು, ಕೊನೆಯದು ಆಕೆಯದು. ಲಾರಿ ಇನ್ನೂ ಅಲ್ಲಿಗೆ ಬಂದಿಲ್ಲ.

ಸೇವಂತಿ ಪೊರಕೆ ತೆಗೆದುಕೊಂಡು, ಆಗಲೇ ಸ್ವಚ್ಛವಾಗಿರುವ ನೆಲವನ್ನು ಗುಡಿಸತೊಡಗುತ್ತಾರೆ. ಏನಾಯಿತು ಎಂದು ನಾನು ಕೇಳಿದ್ದಕ್ಕೆ ಪೊರಕೆ ಬಿಡದೆಯೇ ಹೇಳುತ್ತಾರೆ.

"ಈ ಹೆಂಗಸಿನ ಹಾಲು ಒಮ್ಮೆ ನಾನು ಚರಂಡಿಗೆ ಚೆಲ್ಲಿಸಿದ್ದೇನೆ."

ಅದು 2010ರ ಡಿಸೆಂಬರ್. ಅವರು ಶೆಡ್ಡಿಗೆ ಸೇರಿದ ಮೊದಲ ಚಳಿಗಾಲ. ಹಾಲಿನ ಲಾರಿಯ ಕ್ಯಾಬಿನ್ನಿಗೆ ಹೊಗೆ ವಾಸನೆ ಬರುತ್ತದೆ ಎಂದು ಡೆರೆಕ್ ದೂರಿದ್ದ. ಸೇವಂತಿಗೆ ಅದರ ಮದ್ದು ಗೊತ್ತಿತ್ತು. ಬೋಟಿನಲ್ಲಿ ಇಂಜಿನ್ ಇರುವುದು ಜನ ಮಲಗುವ ಜಾಗದ ಬುಡದಲ್ಲೇ, ಹಾಗಾಗಿ ಅಪ್ಪ ಬ್ರೀದರಿಗೆ ಉದ್ದ ಕೊಳವೆ ಜೋಡಿಸಿ ಹೊಗೆಯನ್ನು ಹೊರಕ್ಕೆ ಒಯ್ಯುತ್ತಿದ್ದರು. ಅಲೆಯ ಉಪ್ಪುನೀರು ಕೊಳವೆಯಲ್ಲಿ ನುಗ್ಗಿ ಇಂಜಿನ್ನಿಗೆ ಸೇರಬಾರದೆಂದು ನಡುವೆ ಕೆಳಕ್ಕೊಂದು ಬಾಗು ಕೊಡುತ್ತಿದ್ದರು. ಮಗಳು ಅದನ್ನೇ ಇಲ್ಲಿ ಮಾಡಿದರು. ಉದ್ದ ಕೊಳವೆ, ನಡುವೆ ಚಂದದ ಬಾಗು. ವಾಸನೆ ಹೋಯಿತು. ಎಲ್ಲರೂ ಬೆನ್ನು ತಟ್ಟಿದರು.

"ಮಲ್ಪೆಯಲ್ಲಿ ನೀರು ಗಟ್ಟಿಯಾಗುದು ಐಸ್ ಪ್ಲಾಂಟಿನಲ್ಲಿ ಮಾತ್ರ ಮಾರಾಯ್ರೆ. ಇಂಜಿನ್ನಿನ ಉಸಿರಲ್ಲೂ ನೀರಿನ ಹಬೆ ಉಂಟು ಅಂತ ಗೊತ್ತಿತ್ತು. ಅದು ಬಾಗಿನಲ್ಲಿ ನಿಲ್ತದೆ, ನಿಂತದ್ದು ಇಲ್ಲಿ ಕಲ್ಲಾಗ್ತದೆ ಅಂತ ತಲೆಗೆ ಹೋಗ್ಲೇ ಇಲ್ಲ."

ಗುಡ್ಡದ ಮೇಲಿನ ಚಳಿಗೆ ಬಾಗಿನ ನೀರು ಹೆಪ್ಪುಗಟ್ಟಿತು. ಇಂಜಿನ್ನಿಗೆ ಉಸಿರಾಡಲು ದಾರಿಯಿಲ್ಲದೆ ಹಿಂದಿನ ಸೀಲ್ ಹಾರಿ, ಎಣ್ಣೆಯೆಲ್ಲ ಹಿಮದ ಮೇಲೆ ಸುರಿಯಿತು. ಡೆರೆಕ್ ತಕ್ಷಣ ನಿಲ್ಲಿಸಿದ್ದರಿಂದ ಇಂಜಿನ್ ಉಳಿಯಿತು, ಆದರೆ ಲಾರಿ ಅಲ್ಲೇ ನಿಂತಿತು. ಟ್ಯಾಂಕು ತುಂಬಿ ಹೋಗಿದ್ದ ಮಿಸೆಸ್ ಹೆಲಿವೆಲ್ ಬೇರೆ ದಾರಿ ಕಾಣದೆ ನಲ್ಲಿ ತಿರುಗಿಸಿ ಹಾಲನ್ನು ಹೊರಗೆ ಬಿಟ್ಟರು. ಲಾರಿ ಎಳೆಯಲು ಹೋದವರ ಜೊತೆ ಸೇವಂತಿಯೂ ಅಲ್ಲಿದ್ದರು.

"ಹಿಮದ ಮೇಲೆ ಹಾಲು ಹರಿದ್ರೆ ಕಾಣುದಿಲ್ಲ ಅಂತ ನೀವು ಅಂದ್ಕೊಳ್ತೀರಿ. ಕಾಣ್ತದೆ. ಹಿಮದ ಮುಂದೆ ಹಾಲು ಹಳದಿ. ಮೀನು ಕೊಳೆತು ಎಸೆದದ್ದು ನಾನು ಚಿಕ್ಕಂದಿನಲ್ಲಿ ಎಷ್ಟೋ ನೋಡಿದ್ದೇನೆ. ಹಾಲೂ ಮೀನೂ ಒಂದೇ, ಯಾರಿಗೂ ಕಾಯುದಿಲ್ಲ. ಆ ಹೆಂಗಸು ನನಗೆ ಬೈಲಿಲ್ಲ. ಒಳಗೆ ಕರೆದು ಟೀ ಕೊಟ್ರು. ಬೈದಿದ್ರೆ ಒಳ್ಳೇದಿತ್ತು."

ಚಳಿಗೆ ಹೀಗಾಯಿತೆಂದೇ ಡೊನಾಲ್ಡ್ ನಂಬಿದ್ದ. ಸೇವಂತಿ ತಾವೇ ಹೋಗಿ, ಚಳಿಯಿಂದಲ್ಲ, ನನ್ನಿಂದ ಎಂದರು. ಕೆಲಸ ಹೋಯಿತೆಂದೇ ಅಂದುಕೊಂಡಿದ್ದರು. ಡೊನಾಲ್ಡ್ ಪೈಪು ಸೇದುತ್ತ ಕೇಳಿಸಿಕೊಂಡು, "ಹಾಗಾದರೆ ಏನು ಸರಿಮಾಡಬೇಕೆಂದು ನಿನಗೇ ಗೊತ್ತಲ್ಲ," ಎಂದನಂತೆ. ಗೇರ್‌ಬಾಕ್ಸ್ ಇಳಿಸಿ ಹೊಸ ಸೀಲ್ ಹಾಕಿದರು. ಉದ್ದ ಕೊಳವೆ ಕಿತ್ತೆಸೆದರು. ಈಗಿರುವುದು ಗಿಡ್ಡ ಕೊಳವೆ, ಬಾಗು ಇಲ್ಲದೆ ಒಂದೇ ಸಮ ಇಳಿಜಾರು, ಮೈತುಂಬ ಬೆಚ್ಚನೆ ಸುತ್ತು. ಅಷ್ಟೂ ಸಾಲದೆಂದು, ಇಂಜಿನ್ನಿನ ಬಿಸಿ ತಾಗುವ ಕಡೆ, ಕೊಳವೆಯ ಮೇಲ್ಭಾಗದಲ್ಲೇ ಗರಗಸದಿಂದ ಒಂದು ಸೀಳು. ತುದಿ ಹೆಪ್ಪುಗಟ್ಟಿದರೂ ಉಸಿರು ಆ ಸೀಳಿನಿಂದ ಹೋಗಬೇಕು.

"ಹೋಗಬೇಕು. ಹೋಗ್ತದಾ ಅಂತ ಇವತ್ತಿನವರೆಗೆ ಗೊತ್ತಿಲ್ಲ. ಅಂಥ ಚಳಿ ಮತ್ತೆ ಬರ್ಲೇ ಇಲ್ಲ," ಎನ್ನುತ್ತಾರೆ. ಪೊರಕೆ ಗೋಡೆಗೊರಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಈಕೆಯ ಕೈ ಕೆಸರಾದರೆ ಮೊಸರು ಯಾರದೋ ಬಾಯಿಗೆ. ಅದು ಯಾರ ಬಾಯಿಗೂ ಸೇರದೆ ಹೋದ ದಿನದ ನೋವು ಮಾತ್ರ ಇವರೊಬ್ಬರಿಗೆ. ಮ್ಯಾಂಚೆಸ್ಟರಿನ ಹತ್ತಿರ ಮೀಡಿಯಾಸಿಟಿ ಎಂಬ ಟಿವಿ ಸ್ಟುಡಿಯೋಗಳ ಬಡಾವಣೆಯಲ್ಲಿ ಕೆಲಸ ಮಾಡುವ ಯಶ್ಮಿತಾಳಿಂದ ಫೋನ್ ಬರುತ್ತದೆ. ಅಮ್ಮ ತುಳುವಿನಲ್ಲಿ ಮಾತಾಡುತ್ತಾರೆ, ಆ ಕಡೆಯಿಂದ ಇಂಗ್ಲಿಷ್ ಕೇಳಿಸುತ್ತದೆ. "ಈಸ್ ದ ಲಾರಿ ಬ್ಯಾಕ್, ಅಮ್ಮಾ?" ಆ ಮನೆಯಲ್ಲಿ ಇವತ್ತು ಎಲ್ಲರಿಗೂ ಅದೊಂದೇ ಪ್ರಶ್ನೆ.

ಮಧ್ಯಾಹ್ನ ಕಳೆದ ಮೇಲೆ ಸೇವಂತಿ ಇದ್ದಕ್ಕಿದ್ದಂತೆ ತಲೆ ಎತ್ತುತ್ತಾರೆ. ನನಗೆ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿಲ್ಲ. "ಬಂತು," ಎನ್ನುತ್ತಾರೆ. "ತುಂಬಿ ಬಂತು. ಖಾಲಿ ಇದ್ರೆ ಸದ್ದು ಬೇರೆ." ಸ್ವಲ್ಪ ಹೊತ್ತಿಗೆ ನನಗೂ ಕೇಳುತ್ತದೆ. ಮೈತುಂಬ ಹಿಮ ಮೆತ್ತಿಕೊಂಡ ಗಿಡ್ಡ ಲಾರಿ ಅಂಗಳಕ್ಕೆ ತಿರುಗುತ್ತದೆ.

ಡೆರೆಕ್ ಇಳಿಯುತ್ತಲೇ ಒಂದೇ ಉಸಿರಿಗೆ ಎಲ್ಲ ಹೇಳುತ್ತಾನೆ. ಅಂಚೆ ವ್ಯಾನೊಂದು ದಾರಿಗಡ್ಡ ಸಿಕ್ಕಿಬಿದ್ದು ತಡವಾಯಿತು. ನಾಲ್ಕೂ ಮನೆಯ ಹಾಲು ಬಂದಿದೆ. ಆಮೇಲೆ, ಸೇವಂತಿಯವರ ತೋಳು ಹಿಡಿದು ಲಾರಿಯ ಪಕ್ಕಕ್ಕೆ ಕರೆದೊಯ್ದು ಕೆಳಗೆ ಬೆರಳು ತೋರಿಸುತ್ತಾನೆ. ಅವರು ನೆಲದ ಮೇಲೆ ಮಲಗಿ ಟಾರ್ಚ್ ಬಿಡುತ್ತಾರೆ. ನಾನೂ ಕೋಟು ಹಾಳಾದರೆ ಆಗಲಿ ಎಂದು ಪಕ್ಕದಲ್ಲಿ ಮಲಗುತ್ತೇನೆ. ಬ್ರೀದರ್ ಕೊಳವೆಯ ತುದಿಯಲ್ಲಿ ಬಿರಡೆ ಹೊಡೆದ ಹಾಗೆ ಬಿಳಿ ಮಂಜುಗಡ್ಡೆ. ಒಂದು ಕೂದಲು ತೂರುವಷ್ಟೂ ಜಾಗವಿಲ್ಲ.

ಇಂಜಿನ್ ಇನ್ನೂ ಓಡುತ್ತಿದೆ. ಸೇವಂತಿ ಎದ್ದು, ಕ್ಯಾಬಿನ್ನಿನ ಮುಂಭಾಗ ತೆರೆದು, ಆ ಸೀಳಿನ ಮುಂದೆ ಬರಿಗೈ ಒಡ್ಡುತ್ತಾರೆ. ನನ್ನ ಕೈಯನ್ನೂ ಎಳೆದು ಅಲ್ಲೇ ಹಿಡಿಸುತ್ತಾರೆ. ಬೆಚ್ಚನೆಯ, ಎಣ್ಣೆ ವಾಸನೆಯ ಉಸಿರು ನನ್ನ ಅಂಗೈಗೆ ಪುಸುಪುಸು ತಾಗುತ್ತದೆ. ಹಿಂದಿನ ಸೀಲಿನ ಬಳಿ ಟಾರ್ಚ್ ಬಿಟ್ಟರೆ ಒಂದು ಹನಿ ಎಣ್ಣೆಯೂ ಇಲ್ಲ.

"ಏಳು ವರ್ಷ ಹೆದರಿದ್ದೇನೆ ಇದಕ್ಕೆ," ಎನ್ನುತ್ತಾರೆ ಸೇವಂತಿ. ಕಣ್ಣು ತುಂಬಿದೆ. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಮಸಿ ಮಾಡಿಕೊಳ್ಳುತ್ತಾರೆ. ನನ್ನ ನಾಡಿನ ಹೆಂಗಸೊಬ್ಬಳು ಈ ಪರದೇಶದ ಗುಡ್ಡದ ನಾಲ್ಕು ಮನೆಗಳ ಕೊಟ್ಟಿಗೆಯನ್ನು ಉಳಿಸಿದ್ದನ್ನು ಕಣ್ಣಾರೆ ಕಂಡೆನಲ್ಲ ಎಂದು ನನಗೆ ಹೆಮ್ಮೆಯಾಯಿತು. ಇದರಲ್ಲಿ ನನ್ನದೇನೂ ಇರಲಿಲ್ಲ. ಆದರೂ ಆಯಿತು.

ಹಾಲು ಡೈರಿಗೆ ಹೋಗಿ ಇಳಿದ ಮೇಲೆ ಕಂಪನಿಯ ಮ್ಯಾನೇಜರ್ ಫೋನ್ ಮಾಡುತ್ತಾನೆ. ಅವನ ಉದ್ದನೆಯ ಹೊಸ ಟ್ಯಾಂಕರುಗಳಲ್ಲಿ ಹಲವು ಇವತ್ತು ಅಂಗಳದಿಂದಲೇ ಹೊರಟಿಲ್ಲವಂತೆ. ಡೊನಾಲ್ಡ್ ಕಚೇರಿಯಿಂದ ಹೊರಬಂದು, ಎಂದೂ ನಗದ ಮನುಷ್ಯ, ನಗುತ್ತ ಸುದ್ದಿ ಹೇಳುತ್ತಾನೆ. ಗುಡ್ಡದ ನಾಲ್ಕೂ ಮನೆಗಳ ಹಾಲನ್ನು ಇನ್ನೊಂದು ವರ್ಷ ಕೊಳ್ಳುತ್ತಾರೆ. ಡೆರೆಕ್ ಟೋಪಿ ಹಾರಿಸುತ್ತಾನೆ. ನಾನು ಚಪ್ಪಾಳೆ ತಟ್ಟುತ್ತೇನೆ.

ಸೇವಂತಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಡೊನಾಲ್ಡ್‌ಗೆ ಅರ್ಥವಾಗದ ಹಾಗೆ ಕನ್ನಡದಲ್ಲೇ, ನನ್ನ ಕಡೆ ತಿರುಗಿ ಹೇಳುತ್ತಾರೆ:

"ಒಂದೇ ವರ್ಷವಾ? ನನ್ನ ಲಾರಿ ಇನ್ನು ಹತ್ತು ವರ್ಷ ಆರಾಮಲ್ಲಿ ಓಡ್ತದೆ ಮಾರಾಯ್ರೆ. ಅಷ್ಟು ದಿನ ಅವರ ಕಂಪನಿ ಓಡ್ತದಾ ಅಂತ ಸ್ವಲ್ಪ ಕೇಳಿ ನೋಡಿ."